ಕಾಕಾನ ಹೊಟ್ಟೆ, ನನ್ನ ಹುಂಡಿ

ನಮ್ಮ ಕಾಕಾನಂಥ ಹೊಟ್ಟೆಬಾಕ ಸವಣೂರಿನಲ್ಲಿ ಇನ್ನೊಬ್ಬನಿಲ್ಲ ಎಂದು ಒಂದು ಕಾಲಕ್ಕೆ ಊರೇ ನಗುತ್ತಿತ್ತು. ನಾನೂ ನಕ್ಕವಳೇ! ನವಾಬರ ಕಾಲದ ಮಾತು. ಈಗ ಆ ನಗು ನೆನಪಾದರೆ ನಾಚಿಕೆಯಾಗುತ್ತದೆ.

ಕಾಕಾ ಎಂದರೆ ಅಪ್ಪನ ತಮ್ಮ. ಹೆಂಡತಿ ಮಕ್ಕಳಿಲ್ಲ, ಇದ್ದದ್ದು ಸಮಪಾಲಿನ ಹುಚ್ಚೊಂದೇ. ಅಣ್ಣನಿಗೂ ನನಗೂ ಹೋಳಿಗೆ ಹಂಚುವಾಗ ಅವನಿಗೆ ಕೈ ಸಾಲದು, ದಾರ ಬೇಕು! ದಾರ ಹಿಡಿದು ನಟ್ಟನಡುವೆ ಕತ್ತರಿಸುತ್ತಿದ್ದ. ದಾರಕ್ಕೆ ಹತ್ತಿದ ಹೂರಣ ಯಾರಿಗೆ ಎಂದು ನಾವು ಜಗಳ ತೆಗೆದರೆ, ದಾರ ತೊಳೆದ ನೀರನ್ನು ತುಳಸಿಕಟ್ಟೆಗೆ ಸುರಿದು ಬರುತ್ತಿದ್ದ. ಅಣ್ಣನಿಗೆ ಜ್ವರ ಬಂದರೆ ಕಷಾಯದ ಬಟ್ಟಲು ನನ್ನ ಮುಂದೆಯೂ ಬರುತ್ತಿತ್ತು.

"ಜ್ವರ ಅವಗ ಬಂದದ, ಇಕಿಗ್ಯಾಕ ಕಷಾಯ?" ಎಂದು ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಅಣ್ಣಗ ಕೊಟ್ರಿ, ನನಗ ಕೊಡಲಿಲ್ಲ ಅಂತ ನಾಳೆ ಇಕಿ ಅತ್ರ ಏನ್ ಮಾಡ್ತೀರಿ, ವೈನಿ?" ಎಂದು ಕಾಕಾ ಅತ್ತಿಗೆಯನ್ನೇ ತಿರುಗಿ ಕೇಳುತ್ತಿದ್ದ.

ಕಷಾಯಕ್ಕಾಗಿ ಅಳುವ ಕೂಸನ್ನು ಯಾರಾದರೂ ಕಂಡಿದ್ದೀರಾ? ಮೂಗು ಹಿಡಿದುಕೊಂಡು ಕುಡಿಯುತ್ತಿದ್ದೆ.

ಅಣ್ಣನ ಮುಂಜಿಯಾಯಿತು ನೋಡಿ, ಮನೆಯ ಸಮಪಾಲು ಅಲ್ಲಿಗೆ ಮುಗಿಯಿತು. ನಮ್ಮಿಬ್ಬರಿಗೂ ಒಂದೊಂದು ಮಣ್ಣಿನ ಹುಂಡಿ ಇತ್ತು. ಮಠದಲ್ಲಿ, ಮಂದಿಯ ಮನೆಯಲ್ಲಿ ಗಂಡಸರ ಪಂಕ್ತಿಗೆ ಕೂತು ಉಂಡೇಳುವಾಗ ಅಣ್ಣನ ಅಂಗೈಗೆ ತುಳಸಿ ಎಸಳಿನ ಜೊತೆ ದಕ್ಷಿಣೆ ಬೀಳತೊಡಗಿತು. ಅದೆಲ್ಲ ಅವನ ಹುಂಡಿಗೆ. ನನಗೆ ಸಿಗುತ್ತಿದ್ದದ್ದು ಕುಂಕುಮ, ಹೂವು. ಹುಂಡಿಯೊಳಗೆ ಹೂ ಹಾಕಿದರೆ ಸದ್ದಾಗುತ್ತದೆಯೇ? ಅಣ್ಣ ನನ್ನ ಕಿವಿಯ ಹತ್ತಿರವೇ ಬಂದು ಗಲಗಲ ಅಲ್ಲಾಡಿಸುತ್ತಿದ್ದ. ನನ್ನದೂ ಒಮ್ಮೆ ಹಾಗೆ ಸದ್ದು ಮಾಡಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

"ಅರ್ಧಾ ಇಕಿ ಹುಂಡ್ಯಾಗ ಹಾಕ್ರಿ," ಎಂದಳು ಅವ್ವ.

"ದಕ್ಷಿಣಿ ಅಂದ್ರ ಪಾಲು ಮಾಡೂದಲ್ಲ. ಅದು ಅವನ ಕೈಗೆ ಬಂದದ್ದು," ಎಂದ ಅಪ್ಪ.

"ಹಂಗಾರ ಹುಂಡಿ ಎರಡ್ಯಾಕ ತಂದ್ರಿ?"

ಅಪ್ಪ ಧೋತರ ಕೊಡವಿಕೊಂಡು ಎದ್ದ. ತೀರ್ಪು ಕೊಡಬೇಕಾದ ಕಾಕಾ ನನ್ನ ಹುಂಡಿಯನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ ಕೆಳಗಿಟ್ಟ.

ಅದಾದ ಮೇಲೆಯೇ ಅವನ ಹೊಟ್ಟೆಗೆ ಅದೇನೋ ಆಯಿತು! ತನ್ನ ಅನ್ನ ತಾನೇ ಬೇಯಿಸಿಕೊಂಡು ಒಪ್ಪತ್ತು ಉಣ್ಣುತ್ತಿದ್ದವನು, ಪರರ ಮನೆಯ ನೀರು ಸಹ ಮುಟ್ಟದವನು, ಕರೆದವರ ಮನೆಗೆಲ್ಲ ಊಟಕ್ಕೆ ಹೊರಟ. ಬಂಕಾಪುರದ ಶ್ರಾದ್ಧಕ್ಕೆ ಚಕ್ಕಡಿ ಹತ್ತಿದ, ಮುಂಜಿಯೂಟಕ್ಕೆಂದು ತಡಸದ ತನಕ ಹೋಗಿಬಂದ. ಬಂದವನು ಜಗುಲಿಯ ಮೇಲೆ ಹೊಟ್ಟೆ ಹಿಡಿದು ಹೊರಳಾಡುತ್ತಿದ್ದ. ಅವ್ವ ಅಜವಾನ ಕೊಡುತ್ತಿದ್ದಳು.

"ಮಂದಿ ನಗ್ತಾರೋ, ಏನಾಗ್ಯದೋ ನಿನಗ?" ಎಂದು ಅಪ್ಪ ಸಿಡಿಮಿಡಿಗೊಂಡ.

"ಹಸಿವಿ, ಅಣ್ಣಾ."

ಇತ್ತ ನನ್ನ ಹುಂಡಿ ತಾನಾಗಿಯೇ ತುಂಬುತ್ತ ಬಂತು. ಲಕ್ಷ್ಮಿಗೆ ನನ್ನ ಮೇಲೆ ಕರುಣೆ ಬಂದಿದೆ ಎಂದುಕೊಂಡೆ. ಒಂದು ದಿನ ಎರಡೂ ಹುಂಡಿಗಳನ್ನು ಅಲ್ಲಾಡಿಸಿದೆ, ಸದ್ದು ಒಂದೇ! ಕಾಕಾನ ಹಸಿವೂ ಅಂದೇ ಇಂಗಿತು. ಮತ್ತೆ ಒಪ್ಪತ್ತು, ಮತ್ತೆ ತಿಳಿಸಾರು.

ದೀಪಾವಳಿ ಪಾಡ್ಯಕ್ಕೆ ಹುಂಡಿ ಒಡೆದೆವು. ನನ್ನ ಹುಂಡಿಯ ದುಡ್ಡಿನ ಜೊತೆ ಒಣಗಿದ ತುಳಸಿ ಎಸಳುಗಳು ಉದುರಿದವು. ಲಕ್ಷ್ಮಿ ಯಾವ ಪಂಕ್ತಿಯಲ್ಲಿ ಕೂತು ದಕ್ಷಿಣೆ ತಂದಳು? ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕಾಕಾನನ್ನು ನೋಡಿದಳು. ಅಪ್ಪ ತಲೆ ತಗ್ಗಿಸಿದ.

"ಕಾಕಾ, ಹೊಟ್ಟಿ ಭಾಳ ನೋಯ್ತಿತ್ತೇನು?" ಎಂದೆ.

"ನಿನ್ನ ಹುಂಡಿ ಸಪ್ಪಳ ಕೇಳಿದ್ಮ್ಯಾಲ ಕಮ್ಮಿ ಆತು, ಕೂಸ."

ಲಗ್ನವಾಗಿ ಹಿರೇಕೆರೂರಿಗೆ ಬಂದೆ. ಕಾಕಾ ತೀರಿಹೋಗಿಯೂ ಬಹಳ ಕಾಲವಾಯಿತು. ಮೊನ್ನೆ ಸವಣೂರಿನಿಂದ ಬಂದವರೊಬ್ಬರು, ಅಣ್ಣನಿಗೆ ಜ್ವರ ಎಂದರು. ಅವರನ್ನು ಕಳಿಸಿ, ಒಲೆ ಹೊತ್ತಿಸಿ, ಕಷಾಯ ಕುದಿಸಿ ನನ್ನ ಪಾಲನ್ನು ಕುಡಿದೆ. ಈ ಸಲ ಮೂಗು ಹಿಡಿಯಲಿಲ್ಲ.