ಒಗ್ಗರಣೆ ಇಲ್ಲದ ಸಂಶೋಧನೆ

ನಾನು ಕೆಜಿಎಫ್‌ನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ನಮ್ಮ ವಿಭಾಗದ ಮುಖ್ಯಸ್ಥರು ಪರಿಸರ ಉಳಿಸಲು ಪಣ ತೊಟ್ಟ ದಿನದಿಂದ ನಮ್ಮ ಮಾನ ಉಳಿಯುವುದು ಕಷ್ಟವಾಗಿದೆ. ಸೊಪ್ಪು, ಸಿಪ್ಪೆಗಳಿಂದ ಆಂಟಿಆಕ್ಸಿಡೆಂಟ್ ತೆಗೆಯಬೇಕು, ಅಂದರೆ ದೇಹಕ್ಕೆ ತುಕ್ಕು ಹಿಡಿಯದಂತೆ ಕಾಯುವ ಸತ್ವ. ಅದೂ ಸ್ಪಿರಿಟ್ಟು ಗಿರಿಟ್ಟು ಬಳಸದೆ, ಬರೀ ನೀರಿನಲ್ಲಿ.

ಹಸಿರು ಚಿನ್ನ

ಶಬ್ದದ ಅಲೆಯಿಂದ ನೀರನ್ನು ನಡುಗಿಸಿದರೆ ಎಲೆಯ ಸತ್ವ ಬೇಗ ಬಿಡುತ್ತದಂತೆ. ಅದಕ್ಕೊಂದು ಯಂತ್ರ ಬೇಕು. ಕಾಲೇಜಿನಲ್ಲಿ ನಡುಗುವುದು ಹಳೇ ಫ್ಯಾನು ಮಾತ್ರ. ಒಡವೆ ತೊಳೆಯಲು ಅಂಥದ್ದೇ ಯಂತ್ರ ಇಟ್ಟುಕೊಂಡಿದ್ದ ಪರಿಚಯದ ಚಿನ್ನದಂಗಡಿಗೆ ಅರೆದ ಕರಿಬೇವು ಹಿಡಿದುಕೊಂಡು ಹೋದೆ. ಕೆಲಸವೇನೋ ಆಯಿತು. ಯಂತ್ರ ತೊಳೆಯುವ ಮೊದಲೇ ಅಂಗಡಿಯವರು ಊರಿಗಾಂನ ಹೆಂಗಸೊಬ್ಬರ ಸರವನ್ನು ಅದರಲ್ಲಿ ಅದ್ದಿಬಿಟ್ಟರು. ಕೊಂಡಿ ಕೊಂಡಿಗೂ ಹಸಿರು!

"ನಮ್ ತಾತ ಗಣೀಲಿ ಚಿನ್ನ ಅಗೆದೋರು. ಚಿನ್ನದ ಬಣ್ಣ ನಂಗೇ ಏಳ್ಕೊಡ್ತೀರಾ?" ಆಕೆ ಕೂಗಾಡಿದರು.

"ಇಲ್ಲಮ್ಮಾ, ಇದೆಲ್ಲಾ ಆಂಟಿ ಆಕ್ಸಿಡೆಂಟು..."

"ಯಾವ ಆಂಟಿ? ಆಕ್ಸಿಡೆಂಟ್ ಮಾಡಿದ್ದು ಅವಳಾ? ಕರೀರಿ ಆಚೆ!"

ಅಭಿನಂದನೆ

ಪರಿಸರಸ್ನೇಹಿ ವಿಧಾನಗಳ ವಿಚಾರ ಸಂಕಿರಣಕ್ಕೆ ಗೇಟಿನಗಲ ಫ್ಲೆಕ್ಸು, ವೇದಿಕೆಗೆ ಥರ್ಮಾಕೋಲ್ ಅಕ್ಷರ, ಪ್ರತಿ ಕುರ್ಚಿಗೊಂದು ಪ್ಲಾಸ್ಟಿಕ್ ಬಾಟಲಿ. ಪರಿಸರಕ್ಕೆ ನಾವು ಯಾವ ಕೊರತೆಯೂ ಮಾಡಲಿಲ್ಲ. ಬಂಗಾರಪೇಟೆಯಿಂದ ಬಂದ ಗಣ್ಯ ಅತಿಥಿಗೆ ವಿಷಯ ಗೊತ್ತಿರಲಿಲ್ಲ. "ಮೊದಲು ಆಲ್ಕೋಹಾಲ್ ಬಳಸುತ್ತಿದ್ದೆವು, ಈಗ ಬರೀ ನೀರು" ಎಂದು ಮುಖ್ಯಸ್ಥರು ಕಿವಿಯಲ್ಲಿ ಹೇಳಿಕೊಟ್ಟರು.

ಅತಿಥಿಗಳು ಮೈಕು ಹಿಡಿದರು. "ಇಷ್ಟು ವರ್ಷ ಆಲ್ಕೋಹಾಲಲ್ಲೇ ಮುಳುಗಿದ್ದ ನಿಮ್ಮ ಸಾಹೇಬರು ಈಗ ಬರೀ ನೀರಿಗೆ ಬಂದಿದಾರೆ. ಚಟ ಬಿಡೋದು ಸುಲಭ ಅಲ್ಲ. ಚಪ್ಪಾಳೆ!"

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಕಾಫಿಯನ್ನೂ ಮುಟ್ಟದ ನಮ್ಮ ಮುಖ್ಯಸ್ಥರು ಬೆವರುತ್ತಾ ಕೆಳಗಿಳಿದರು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಕೇಳಿದ್ದು ಒಂದೇ ಮಾತು: "ಬಿಟ್ಟಿದ್ದು ಸಂತೋಷ. ಶುರು ಮಾಡಿದ್ದು ಯಾವಾಗ?"

ದಾಖಲೆಯ ಫಲಿತಾಂಶ

ನಮ್ಮ ಕೆಲಸ ನೋಡಲು ಪರಿಶೀಲನಾ ತಂಡ ಬರುವುದಿತ್ತು. ಒಳ್ಳೆಯ ಫಲಿತಾಂಶ ಸಿಗದಿದ್ದರೆ ಯೋಜನೆಯೇ ರದ್ದು. ಪರೀಕ್ಷೆ ಸರಳ: ನೇರಳೆ ಬಣ್ಣದ ದ್ರಾವಣಕ್ಕೆ ಸೊಪ್ಪಿನ ರಸ ಹಾಕಿದಾಗ ಬಣ್ಣ ಮಾಯವಾದರೆ ಸತ್ವ ಇದೆ ಎಂದರ್ಥ. ನಮ್ಮ ನುಗ್ಗೆಸೊಪ್ಪಿನ ನೀರಿಗೆ ನೇರಳೆ ಜಗ್ಗಿರಲಿಲ್ಲ.

ತಂಡ ಬರುವ ಹಿಂದಿನ ದಿನ ಮುಖ್ಯಸ್ಥರು ಕುಣಿಯುತ್ತಾ ಬಂದರು. "ಹಾಕಿದ ತಕ್ಷಣ ಬಣ್ಣ ಹೋಯ್ತು ಕಣ್ರೀ! ಫ್ರಿಜ್ಜಿನಲ್ಲಿದ್ದ ಬಾಟ್ಲಿ ತಾ ಅಂದೆ, ಅಟೆಂಡರ್ ತಂದ್ಕೊಟ್ಟ."

ಅದೇ ಫ್ರಿಜ್ಜಿನಲ್ಲಿ ನನ್ನ ಊಟದ ಬಾಟಲಿಯೂ ಇತ್ತು. ಅಲ್ಲಿ ಉಳಿದಿದ್ದ ಒಂದೇ ಬಾಟಲಿಯನ್ನು ಆಗಷ್ಟೇ ಮುದ್ದೆಗೆ ಸುರಿದುಕೊಂಡು, ಉಪ್ಪಿಲ್ಲ, ಹುಳಿಯಿಲ್ಲ ಎಂದು ಹೆಂಡತಿಗೆ ಫೋನಿನಲ್ಲಿ ದಬಾಯಿಸಿದ್ದೆ.

"ಸಾರ್, ನೀವು ಪರೀಕ್ಷೆ ಮಾಡಿದ್ದು ನಮ್ಮ ಮನೆ ಬಸ್ಸಾರು."

ಅಟೆಂಡರ್ ತಲೆ ಕೆರೆದುಕೊಂಡ. "ಎಲ್ಡೂ ಸೊಪ್ಪಿನ ನೀರೇ ಅಲ್ವಾ ಸಾ?"

ಮುಖ್ಯಸ್ಥರು ಬಾಗಿಲು ಹಾಕಿ ಬಂದರು. "ಮನೇಲಿ ಹೇಳಿ, ನಾಳೆ ಅದನ್ನೇ ಮಾಡ್ಲಿ. ಒಗ್ಗರಣೆ ಬೇಡ, ಎಣ್ಣೆ ತೇಲುತ್ತೆ."

ಮರುದಿನ ತಂಡದ ಹಿರಿಯರು ಬಾಟಲಿಯ ಮುಚ್ಚಳ ತೆಗೆದರು. ಬೆಳ್ಳುಳ್ಳಿ, ಜೀರಿಗೆ ಘಮ್ಮೆಂದವು. ಅವರು ಇನ್ನೊಮ್ಮೆ ಮೂಸಿದರು, ಕನ್ನಡಕ ತೆಗೆದರು, ಸುತ್ತ ನೋಡಿದರು.

"ವಿಧಾನ ಚೆನ್ನಾಗಿದೆ. ಮುದ್ದೆ ಎಷ್ಟೊತ್ತಿಗೆ?"