ಕರಿ ಮೂರು ಮತ್ತು ನನ್ನ ಗಣಿತ

ಮಾಡಿದ್ದು ತಪ್ಪೆಂದು ಒಪ್ಪಿಕೊಳ್ಳುವವರ ಮೇಲೆ ನನಗೆ ಗೌರವವಿದೆ. ಆ ಗುಂಪಿಗೆ ಸೇರುವ ಆಸೆ ಮಾತ್ರ ಇಲ್ಲ. ಹಾರ್ಮೋನಿಯಂ ವಿಷಯದಲ್ಲಂತೂ ಸುತರಾಂ ಇಲ್ಲ. ಚಿತ್ರದುರ್ಗದಲ್ಲಿ ಹುಡುಗರಿಗೆ ಗಣಿತ ಹೇಳುವುದು ನನ್ನ ಹೊಟ್ಟೆಪಾಡು. ಸೋಮವಾರ ಸಂಜೆ ಮದಕರಿಪುರದ ಭಜನೆಯಲ್ಲಿ ಪೆಟ್ಟಿಗೆ ನುಡಿಸುವುದು ನನ್ನ ಘನತೆ. ಹನ್ನೆರಡು ವರ್ಷದಿಂದ ನನ್ನದಾಗಿದ್ದ ಆ ಜಾಗಕ್ಕೇ ಈಚೆಗೆ ಸಂಚಕಾರ ಬಂತು.

ಹಾರ್ಮೋನಿಯಂನ ಸ್ವರಗಳು ಅಸಲಿಗೆ ಶುದ್ಧವಲ್ಲ ಎಂದು ಎಲ್ಲೋ ಓದಿದೆ. ಸಾ ಎರಡು ಸಲ ಕಂಪಿಸುವಷ್ಟರಲ್ಲಿ ಪಾ ಸರಿಯಾಗಿ ಮೂರು ಸಲ ಕಂಪಿಸಬೇಕು. ಆದರೆ ಹಾಗೆ ಪಾ ಮೇಲೆ ಪಾ ಇಡುತ್ತಾ ಹನ್ನೆರಡು ಮೆಟ್ಟಿಲು ಹತ್ತಿದರೆ ಕೊನೆಗೆ ಸಿಗುವ ಸಾ ಕೂದಲೆಳೆಯಷ್ಟು ಹೆಚ್ಚಾಗಿರುತ್ತದೆ. ಪೆಟ್ಟಿಗೆ ಮಾಡುವವರು ಆ ಹೆಚ್ಚನ್ನು ಎಲ್ಲ ಸ್ವರಗಳಿಗೂ ಹಂಚಿ, ಎಲ್ಲವನ್ನೂ ಚೂರುಚೂರು ಕೆಡಿಸಿ, ಎಲ್ಲಿಂದ ಬೇಕಾದರೂ ಹಾಡಿಕೊಳ್ಳಿ ಎಂದು ಕೈತೊಳೆದುಕೊಂಡಿದ್ದಾರೆ. ಒಳ್ಳೆಯ ಸ್ವರಶ್ರೇಣಿಗೆ ನಾನು ಎರಡು ನಿಯಮ ಬರೆದೆ: ಅನುಪಾತಗಳು ಎರಡಕ್ಕೆ ಮೂರರಂತೆ ಚಿಕ್ಕ ಸಂಖ್ಯೆಯವಾಗಿರಬೇಕು, ಯಾವ ಮನೆಯಿಂದ, ಅಂದರೆ ಬೆರಳೊತ್ತುವ ಯಾವ ಕೀಲಿಯಿಂದ, ಹೊರಟರೂ ಹಾಗೇ ಉಳಿಯಬೇಕು. ಎರಡೂ ಒಟ್ಟಿಗೆ ಸಾಧ್ಯವಿಲ್ಲವೆಂದು ಗೊತ್ತಾದಾಗ ಎರಡನೆಯದನ್ನು ಹೊಡೆದುಹಾಕಿದೆ. ಮೊದಲ ಬಿಳಿ ಮನೆಯನ್ನು ಸಾ ಮಾಡಿಕೊಂಡು, ಸಣ್ಣ ಅರದಿಂದ ಸ್ವರ ಹೊರಡಿಸುವ ಒಂದೊಂದೇ ಹಿತ್ತಾಳೆ ರೀಡು ಉಜ್ಜಿದೆ. "ಚೆನ್ನಾಗಿರೋ ಪೆಟ್ಟಿಗೇನ ಯಾಕ್ರೀ ಕೆರೀತೀರಿ?" ಎಂದಳು ಹೆಂಡತಿ. ಸಂಶೋಧಕರ ಮನೆಗಳಲ್ಲಿ ಇಂಥ ಮಾತು ಮಾಮೂಲು ಎಂದುಕೊಂಡು ಉಜ್ಜುತ್ತಲೇ ಹೋದೆ.

ನಮ್ಮ ಭಜನೆಯ ಮುಖ್ಯ ಹಾಡುಗಾರ ತಿಪ್ಪಣ್ಣ ಕುರಿ ಕಾಯುವವನು. ಗುಡ್ಡದ ಈಚೆ ನಿಂತು ಆಚೆಯ ಕುರಿ ಕರೆಯುವ ಗಂಟಲು. ಅವನ ಸಾ ಇರುವುದು ಮೂರನೆಯ ಕರಿ ಮನೆಯಲ್ಲಿ. ನನಗೆ ಗೊತ್ತಿರಲಿಲ್ಲವೆಂದಲ್ಲ. ಲೆಕ್ಕವೆಲ್ಲ ಒಂದರಿಂದ ಶುರುವಾಗುವಾಗ ಹಾಡೇಕೆ ಕರಿ ಮೂರರಿಂದ ಶುರುವಾಗಬೇಕು ಎಂಬುದು ನನ್ನ ವಾದ. ಆ ಸೋಮವಾರ ಅವನು ಎಂದಿನಂತೆ ಕರಿ ಮೂರರಿಂದಲೇ ಹಾಡು ಎತ್ತಿಬಿಟ್ಟ. ನಾನು ಹಿಂಬಾಲಿಸಿ ಅವನ ಪಾ ಒತ್ತಿದೆ. ಬಿಳಿ ಒಂದಕ್ಕೆ ಹೊಂದಿಸಿದ ಪೆಟ್ಟಿಗೆ ಊಳಿಟ್ಟಿತು. ತಾಳದವರು ಕೈ ನಿಲ್ಲಿಸಿದರು.

"ಮೇಷ್ಟ್ರೇ, ಪೆಟ್ಟಿಗೆಗೆ ಏನೋ ಆಗೈತೆ ನೋಡ್ರಿ," ಎಂದ ತಿಪ್ಪಣ್ಣ.

"ಈಗ್ಲೇ ಅದು ಸರಿಯಾಗಿರೋದು. ನೀನು ಬಿಳಿ ಒಂದಕ್ಕೆ ಬಾ ತಿಪ್ಪಣ್ಣ."

ಪಾಪ, ಅಷ್ಟು ತಗ್ಗಿಗೂ ಇಳಿದು ಬಂದ. ಹಾಡು ಅವನ ಎದೆಯೊಳಗೇ ಗೊಣಗಿ ನಿಂತುಹೋಯಿತು. "ನನ್ನ ಗಂಟ್ಲು ಎಲ್ಲೈತೋ ಅಲ್ಲಿಂದ್ಲೇ ಹಾಡ್ತೀನ್ರಿ. ನೀವು ಅದನ್ನ ಮೊದ್ಲಿನಂಗೆ ಮಾಡ್ಕಂಡು ಬರ್ರಿ," ಎಂದ.

ಮಾಡಬಹುದಿತ್ತು. ಮಾಡುವುದಿಲ್ಲ ಎಂದೆ. ಎರಡಕ್ಕೆ ಮೂರು ಎಂಬುದು ಭಜನೆಯವರು ಕೈಯೆತ್ತಿ ಬದಲಾಯಿಸುವ ಸಂಗತಿಯಲ್ಲ. ಎಲ್ಲರೂ ಮುಖ ಮುಖ ನೋಡಿಕೊಂಡರು. ಹನ್ನೆರಡು ವರ್ಷ ಮುಗಿಯಿತು ಎಂದುಕೊಂಡು ಬಿಗುಮಾನದಿಂದಲೇ ಎದ್ದೆ.

"ಎದ್ದು ಹೋಗಬ್ಯಾಡ್ರಿ, ಕುಂತ್ಕಳ್ರಿ," ಎಂದ ತಿಪ್ಪಣ್ಣ. "ಶ್ರುತಿಗೆ ಕರಿ ಮೂರು ಒಂದೇ ಹಿಡ್ಕಳ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

ಈಗ ಪ್ರತಿ ಸೋಮವಾರ ಒಂದೇ ಮನೆಯ ಮೇಲೆ ಒಂದೇ ಬೆರಳಿಟ್ಟು ಕೂರುತ್ತೇನೆ. ಅವಮಾನವಾಗುತ್ತದೆ, ನಿಜ. ಆದರೆ ನಾನು ಸೋತೆನೆಂದು ಯಾರೂ ತಿಳಿಯಬೇಕಾಗಿಲ್ಲ. ತಿಪ್ಪಣ್ಣನ ಸಾಗೆ ನನ್ನ ಸಾ, ಒಂದಕ್ಕೆ ಒಂದು: ಅದಕ್ಕಿಂತ ಚಿಕ್ಕ ಸಂಖ್ಯೆಯ ಅನುಪಾತವಿಲ್ಲ, ಯಾವ ಮನೆಯಿಂದ ಹೊರಟರೂ ಅದು ಕೆಡುವುದಿಲ್ಲ. ಎರಡೂ ನಿಯಮ ಪಾಲಿಸುವ ಸ್ವರಶ್ರೇಣಿ ಕೊನೆಗೂ ಸಿಕ್ಕಿದೆ. ಅದನ್ನು ನುಡಿಸುವಷ್ಟು ಹಾರ್ಮೋನಿಯಂ ನನಗೂ ಬರುತ್ತದೆ.