ಬೋಣಿಯ ಹೊತ್ತಿಗೆ ಮಲಗುವ ಮಹಾಶಯರಿಗೆ

ಬೈತಖೋಲ, ಕಾರವಾರ
ನವೆಂಬರ್ ೨೦೦೭

ಮಾನ್ಯ ಡ್ರೈವರ್ ತಂತ್ರಾಂಶ ಮಹಾಶಯರೇ,

ನಮ್ಮ ಮೀನುಗಾರರ ಸಂಘದ ಕಂಪ್ಯೂಟರಿನೊಳಗೆ ಬಿಜಯಂಗೈದು, ತೂಕದ ಯಂತ್ರವನ್ನು ಅದಕ್ಕೆ ಜೋಡಿಸುವ ಕಂಟ್ರೋಲರಿಗೆ ಯಾವಾಗ ಕರೆಂಟು ಕೊಡಬೇಕು, ಯಾವಾಗ ಕಿತ್ತು ಮಲಗಿಸಬೇಕು ಎಂಬುದನ್ನು ಯಾರನ್ನೂ ಕೇಳದೆ ನಿರ್ಧರಿಸುವ ತಮ್ಮ ಪಾದಗಳಿಗೆ, ಅವು ಇದ್ದರೆ, ಸಂಘದ ಗುಮಾಸ್ತೆ ನೀತಾ ತಾಂಡೇಲಳ ಸಾಷ್ಟಾಂಗ ನಮಸ್ಕಾರಗಳು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ, ಇರುವ ಕರೆಂಟನ್ನೂ ಉಳಿಸಿಯೇ ತೀರುತ್ತೇನೆಂದು ಪಣ ತೊಟ್ಟವರು ತಾವೊಬ್ಬರೇ. ಉಳಿಸಿದ್ದನ್ನು ಎಲ್ಲಿ ಇಟ್ಟಿದ್ದೀರೆಂದು ತಿಳಿಸಿದರೆ ನಮ್ಮ ಫ್ಯಾನಿಗಾದರೂ ಉಪಯೋಗವಾದೀತು.

ತಮಗೆ ತಿಳಿಯದ ಸಂಗತಿಯೊಂದಿದೆ. ನಮ್ಮ ಹರಾಜಿನಲ್ಲಿ ದಿನದ ಬೋಣಿ, ಎಂದರೆ ಮೊದಲ ಬುಟ್ಟಿ, ಹಾರವಾಡದಿಂದ ಮೀನು ಕೊಳ್ಳಲು ಬರುವ ಬೇಬಿ ಬಾಯಿಯವರ ಕೈಗೇ ಹೋಗಬೇಕು. ಅವರದು ಒಳ್ಳೆಯ ಕೈಗುಣವೆಂದು ಇಡೀ ಬಂದರು ನಂಬಿದೆ. ಅವರ ಟೆಂಪೋ ಅರ್ಗಾ ದಾಟಿ ಬರುವತನಕ ತೂಕದ ತಟ್ಟೆಗೆ ಒಂದು ತಾರ್ಲೆ ಮೀನನ್ನೂ ಯಾರೂ ಇಡುವುದಿಲ್ಲ. ಎಲ್ಲರೂ ಕೈಕಟ್ಟಿ ಕಾಯುತ್ತೇವೆ. ತಾವು ಮಾತ್ರ, ತಟ್ಟೆ ಅಲುಗಲಿಲ್ಲವಾದ್ದರಿಂದ ಕೆಲಸವೇ ಇಲ್ಲವೆಂದು ತೀರ್ಮಾನಿಸಿ, ಕಂಟ್ರೋಲರನ್ನು ಮಲಗಿಸಿಬಿಡುತ್ತೀರಿ. ಮಲಗಿಸುವ ವಿದ್ಯೆಯಲ್ಲಿ ತಮ್ಮನ್ನು ಮೀರಿಸುವವರಿಲ್ಲ. ಎಬ್ಬಿಸುವ ಪಾಠದ ದಿನ ತಾವು ಶಾಲೆ ತಪ್ಪಿಸಿದ್ದಿರೋ ಏನೋ.

ಹೋದ ವಾರ ಕುಪ್ಪಣ್ಣನ ದೋಣಿಯಲ್ಲಿ ದಂಡಿ ಇಸ್ವಾಣ ಮೀನು ಬಂದಿತ್ತು. ಬೇಬಿ ಬಾಯಿ ಬಂದು ಬುಟ್ಟಿ ಇಟ್ಟರೆ ಪರದೆಯ ಮೇಲೆ ಸೊನ್ನೆ! ತಂತಿ ಕಿತ್ತು ಮತ್ತೆ ಚುಚ್ಚಿದೆ, ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಕೊನೆಗೆ ದೇವರಿಗೂ ಹರಕೆ ಹೊತ್ತೆ. ಅಷ್ಟರಲ್ಲಿ ಬಿಸಿಲೇರಿತು, ಬರ್ಫ ಕರಗಿತು, ಕಂಪ್ಯೂಟರಿನ ತೂಕದ ಚೀಟಿಯಿಲ್ಲದೆ ಹರಾಜು ಹಾಕುವಂತಿಲ್ಲವೆಂದು ನಮ್ಮ ಕಾರ್ಯದರ್ಶಿಗಳು ಅಷ್ಟೂ ಮೀನನ್ನು ಬರ್ಫದ ಕಾರ್ಖಾನೆಯ ತಕ್ಕಡಿಯಲ್ಲಿ ತೂಗಿಸಿ ಲಾರಿಯವನಿಗೆ ಕೊಟ್ಟರು. ಬೇಬಿ ಬಾಯಿ ತಮ್ಮನ್ನು ಬೈಯಲಿಲ್ಲ ಸ್ವಾಮಿ, ನನ್ನನ್ನೂ ಬೈಯಲಿಲ್ಲ. ಸ್ವಂತ ಅಂಗೈಯನ್ನೇ ನೋಡಿಕೊಂಡು, "ನನ್ನ ಕೈಗುಣ ಹೋಯ್ತು ಕಾಣ್ತದೆ ತಂಗಿ, ನಾಳಿಂದ ಬೇರೆಯವ್ರಿಗೆ ಕೊಡಿ ಬೋಣಿ," ಎಂದು ಬರಿ ಬುಟ್ಟಿ ಎತ್ತಿಕೊಂಡು ಹೋದರು. ಆಮೇಲೆ ಬರಲೇ ಇಲ್ಲ. ಈ ಪತ್ರ ಬರೆಯಲು ಕೂತದ್ದು ಇದಕ್ಕೆ.

ಕಂಪ್ಯೂಟರಿನವರು ಫೋನಿನಲ್ಲಿ, ಕರೆಂಟು ಉಳಿಸುವ ಅನುಮತಿಯ ಚೌಕದಿಂದ ಗುರುತು ತೆಗೆಯಿರಿ ಎಂದರು. ತೆಗೆದೆ. ಮರುದಿನ ನೋಡಿದರೆ ತಾವೇ ಮರಳಿ ಹಾಕಿಕೊಂಡಿದ್ದೀರಿ! ಕೊನೆಗೆ ನಮ್ಮನ್ನು ಕಾಪಾಡಿದ್ದು ಒಂದು ಏಡಿ. ಕುಪ್ಪಣ್ಣನ ಬಲೆಯಿಂದ ಜಾರಿ ತಟ್ಟೆಯೊಳಗೆ ಬಿದ್ದು, ಮೇಲೆ ಹತ್ತುವುದು, ಕೆಳಗೆ ಜಾರುವುದು. ಅಂಕಿಗಳು ಕುಣಿಯುತ್ತಲೇ ಇದ್ದವು, ತಮಗೆ ಕಣ್ಣು ಮುಚ್ಚಲಾಗಲಿಲ್ಲ. ಅಂದಿನಿಂದ ಹರಾಜು ಶುರುವಾಗುವತನಕ ಅದನ್ನು ಬುಟ್ಟಿಯಲ್ಲಿಟ್ಟು ತಟ್ಟೆಯ ಮೇಲೆ ಕೂರಿಸುತ್ತಿದ್ದೇವೆ. ಅದು ಮಾರುವ ಮಾಲಲ್ಲ, ನೌಕರ. ಹೀಗಾಗಿ ಬೋಣಿಗೂ ಭಂಗವಿಲ್ಲ.

ಆದಕಾರಣ, ತಾವು ದಯವಿಟ್ಟು ಮೊದಲ ಟೆಂಪೋಕ್ಕೇ ಹಾರವಾಡಕ್ಕೆ ಹೋಗಿ, "ಮಲಗಿದ್ದು ನಾನು, ನಿಮ್ಮ ಕೈಗುಣ ಅಲ್ಲ" ಎಂದು ಬೇಬಿ ಬಾಯಿಯವರ ಎದುರು ನಿಂತು ಹೇಳಿ ಬರಬೇಕೆಂದು ಪ್ರಾರ್ಥನೆ. ದಾರಿಯಲ್ಲಿ ಮಾತ್ರ ನಿದ್ದೆ ಹೋಗಬೇಡಿ.

ತಾವು ಎಚ್ಚರವಿದ್ದಷ್ಟು ಹೊತ್ತು ಮಾತ್ರ
ತಮ್ಮ ವಿಶ್ವಾಸಿ,
ನೀತಾ ತಾಂಡೇಲ

ತಾ.ಕ.: ತಾವು ಹೋಗುವವರಲ್ಲವೆಂದು ತಿಳಿದು ಕುಪ್ಪಣ್ಣನೇ ಹೋಗಿ ಅವರನ್ನು ಕರೆದುಕೊಂಡು ಬಂದ. ಇವತ್ತಿನ ಬೋಣಿ ಬೇಬಿ ಬಾಯಿಯವರದೇ. ತಟ್ಟೆಯ ಮೇಲೆ ಗಡಿಬಿಡಿ ಮಾಡುತ್ತಿದ್ದ ಏಡಿಯನ್ನು ಕಂಡು, "ಇವನೊಬ್ಬನಾದ್ರೂ ನಂಗೆ ಕಾಯ್ತಾ ಎಚ್ಚರ ಕೂತಿದ್ನಲ್ಲೇ," ಎಂದು ನಕ್ಕು, ಅದರ ಬೆಲೆ ಕೇಳಿದರು. ಏಡಿಯ ನೌಕರಿ ಕಾಯಂ ಆಗಿದೆ, ಕೊಡುವುದಿಲ್ಲ, ಬೇಕಾದರೆ ಡ್ರೈವರನ್ನು ಪುಕ್ಕಟೆ ಒಯ್ಯಿರಿ ಎಂದೆ. ಬೇಡವೆಂದರು.